ಬೇಸ್‌ಬ್ಯಾಂಡ್: ಟವರ್‌ವರೆಗೆ ಹೋಗದ ಸಿಗ್ನಲ್

‘ಬೇಸ್‌ಬ್ಯಾಂಡ್ ಚಿಪ್ ಟವರ್‌ಗೆ ಸಿಗ್ನಲ್ ಕಳಿಸುತ್ತದೆ.’ ಮೊಬೈಲ್ ಬಗ್ಗೆ ಬರುವ ಬರಹಗಳಲ್ಲಿ ಈ ಮಾತು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಮೊನ್ನೆ ಮತ್ತೆ ಕಂಡಿತು. ಟವರ್ ಮುಟ್ಟುವ ರೇಡಿಯೋ ಅಲೆ ಹುಟ್ಟುವುದು ಆ ಚಿಪ್‌ನಲ್ಲಿ ಅಲ್ಲವೇ ಅಲ್ಲ. ಅಲ್ಲಿ ಹುಟ್ಟುವಂತಿದ್ದರೆ ಅದಕ್ಕೆ ಬೇಸ್‌ಬ್ಯಾಂಡ್ ಅನ್ನೋ ಹೆಸರೇ ಬರುತ್ತಿರಲಿಲ್ಲ.

ಬ್ಯಾಂಡ್ ಅಂದರೆ ಫ್ರೀಕ್ವೆನ್ಸಿಗಳ ಒಂದು ವ್ಯಾಪ್ತಿ. ಬೇಸ್ ಅಂದರೆ ತಳ. ಸೊನ್ನೆ ಹರ್ಟ್ಸ್‌ನ ಆಸುಪಾಸಿನಲ್ಲೇ ಇರುವ, ಇನ್ನೂ ಯಾವ ಕ್ಯಾರಿಯರ್ ಅಲೆಯ (ಸಿಗ್ನಲ್ ಹೊತ್ತೊಯ್ಯುವ ರೇಡಿಯೋ ಅಲೆಯ) ಮೇಲೂ ಏರದ ಸಿಗ್ನಲ್ಲೇ ಬೇಸ್‌ಬ್ಯಾಂಡ್. ಹಳೆಯ ಲ್ಯಾಂಡ್‌ಲೈನ್‌ನಲ್ಲಿ ನಮ್ಮ ದನಿ 300ರಿಂದ 3400 ಹರ್ಟ್ಸ್ ಒಳಗೆ, ಇದ್ದ ಹಾಗೇ ತಂತಿಯಲ್ಲಿ ಹೋಗುತ್ತಿತ್ತು. ಅದು ಬೇಸ್‌ಬ್ಯಾಂಡ್. ನೆಟ್‌ವರ್ಕ್ ಕೇಬಲ್‌ನ 10ಬೇಸ್-ಟಿ ಅನ್ನೋ ಹೆಸರಿನಲ್ಲಿರುವ ‘ಬೇಸ್’ ಕೂಡ ಇದೇ: ಅಲ್ಲಿ ಸಿಗ್ನಲ್ ಕ್ಯಾರಿಯರ್ ಇಲ್ಲದೆ ನೇರ ತಂತಿಗೆ ಇಳಿಯುತ್ತದೆ. ಅಂದರೆ ಇದು ಸಿಗ್ನಲ್ ಎಲ್ಲಿದೆ ಅಂತ ಹೇಳುವ ಪದ. ಆ ಸಿಗ್ನಲ್ ಜೊತೆ ಕೆಲಸ ಮಾಡುವ ಚಿಪ್‌ಗೆ ಹೆಸರು ಅಂಟಿಕೊಂಡದ್ದು ಆಮೇಲೆ. ಸೆಟ್ಟಿಂಗ್ಸ್‌ನಲ್ಲಿ ಕಾಣುವ ‘ಬೇಸ್‌ಬ್ಯಾಂಡ್ ವರ್ಷನ್’ ಆ ಚಿಪ್‌ನ ಫರ್ಮ್‌ವೇರ್ (ಚಿಪ್ ಒಳಗಿನ ಸಾಫ್ಟ್‌ವೇರ್) ನಂಬರ್, ಅಷ್ಟೇ.

ಇದರ ಜೊತೆಗೇ ಇನ್ನೊಂದು ಗೊಂದಲ. ‘ನನ್ನ ಫೋನ್‌ಗೆ ಆ ಬ್ಯಾಂಡ್ ಇಲ್ಲ, ಬೇಸ್‌ಬ್ಯಾಂಡ್ ಅಪ್‌ಡೇಟ್ ಮಾಡಿದರೆ ಬರುತ್ತಾ?’ ಎರಡೂ ಬೇರೆ ವಿಷಯ. ಆ ಬ್ಯಾಂಡ್‌ಗೆ ಬೇಕಾದ ಫಿಲ್ಟರ್, ಆಂಪ್ಲಿಫೈಯರ್ ಫೋನ್ ಒಳಗೆ ಇಲ್ಲದಿದ್ದರೆ ಯಾವ ಅಪ್‌ಡೇಟ್‌ನಿಂದಲೂ ಅದು ಬರುವುದಿಲ್ಲ.

ಇನ್ನು ಚಿಪ್ ಮಾಡುವ ಕೆಲಸ. 2ಜಿ ಅಂದರೆ ಜಿಎಸ್‌ಎಂ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. 20 ಮಿಲಿಸೆಕೆಂಡಿನ ಮಾತು ಫುಲ್ ರೇಟ್ ಕೋಡೆಕ್‌ನಲ್ಲಿ, ಅಂದರೆ ಮಾತನ್ನು ಬಿಟ್‌ಗಳಾಗಿ ಕುಗ್ಗಿಸುವ ವಿಧಾನದಲ್ಲಿ, 260 ಬಿಟ್ ಆಗುತ್ತದೆ. ದಾರಿಯಲ್ಲಿ ಕೆಟ್ಟರೆ ಸರಿಮಾಡಿಕೊಳ್ಳಲು ಇನ್ನಷ್ಟು ಬಿಟ್ ಸೇರಿ 456 ಆಗುತ್ತದೆ. ಅವನ್ನು 8 ಬರ್ಸ್ಟ್‌ಗಳಿಗೆ, ಅಂದರೆ ಫೋನ್ ಒಂದೊಂದು ಸರದಿಯಲ್ಲಿ ಕಳಿಸುವ ತುಣುಕುಗಳಿಗೆ, ಚದುರಿಸಿ ಹಂಚುತ್ತಾರೆ. ಒಂದು ಬರ್ಸ್ಟ್ ಕೆಟ್ಟರೂ ಮಾತು ಉಳಿಯಲಿ ಅಂತ. ಇಲ್ಲಿವರೆಗೆ ಎಲ್ಲಾ ಬರೀ ಲೆಕ್ಕ.

ಆ ಲೆಕ್ಕ ವೋಲ್ಟೇಜ್ ಆಗುವ ಜಾಗವೇ ಬೇಸ್‌ಬ್ಯಾಂಡ್ ಇಂಟರ್‌ಫೇಸ್. ಮೊದಮೊದಲ ಫೋನ್‌ಗಳಲ್ಲಿ ಇದಕ್ಕೇ ಒಂದು ಪ್ರತ್ಯೇಕ ಚಿಪ್ ಇರುತ್ತಿತ್ತು. ಈಗ ದೊಡ್ಡ ಚಿಪ್‌ನ ಒಂದು ಮೂಲೆಯಲ್ಲಿ ಅಡಗಿದೆ, ಕೆಲಸ ಮಾತ್ರ ಅದೇ. ಅದರಿಂದ ಹೊರಗೆ ಬರುವುದು ಒಂದಲ್ಲ, ಎರಡು ಸಿಗ್ನಲ್: ಐ ಮತ್ತು ಕ್ಯೂ. ಎರಡು ಯಾಕೆ ಅನ್ನೋದನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದೇ ಇದು. ಜಿಎಸ್‌ಎಂನಲ್ಲಿ ಬಿಟ್‌ಗಳಿಗೆ ತಕ್ಕಂತೆ ಕ್ಯಾರಿಯರ್ ಸುಮಾರು 67.7 ಕಿಲೋಹರ್ಟ್ಸ್‌ವರೆಗೆ ಮೇಲಕ್ಕೋ ಕೆಳಕ್ಕೋ ಸರಿಯಬೇಕು. ಬೇಸ್‌ಬ್ಯಾಂಡ್‌ನಲ್ಲಿ ಕ್ಯಾರಿಯರ್ ಇನ್ನೂ ಇಲ್ಲ, ಅದರ ಜಾಗದಲ್ಲಿ ಸೊನ್ನೆ ಇದೆ. ಸೊನ್ನೆಯಿಂದ ಕೆಳಕ್ಕೆ 67.7 ಅಂತ ಒಂದೇ ತಂತಿಯಲ್ಲಿ ಹೇಳುವುದು ಹೇಗೆ? ಮೇಲಿನದ್ದೂ ಕೆಳಗಿನದ್ದೂ ಒಂದೇ ಥರ ಕಾಣುತ್ತವೆ. ಅದಕ್ಕೇ ಕಾಲು ಸುತ್ತಿನ ಅಂತರದಲ್ಲಿ ಎರಡು ಅಲೆ. ಐ ಮುಂದಿದ್ದರೆ ಒಂದು ದಿಕ್ಕು, ಕ್ಯೂ ಮುಂದಿದ್ದರೆ ಇನ್ನೊಂದು.

ಇಲ್ಲಿಗೆ ಬೇಸ್‌ಬ್ಯಾಂಡ್ ಮುಗಿಯಿತು. ಐ, ಕ್ಯೂ ಎರಡನ್ನೂ ಕ್ಯಾರಿಯರ್ ಮೇಲೆ ಕೂರಿಸುವುದು ಟ್ರಾನ್ಸೀವರ್ ಅನ್ನೋ ರೇಡಿಯೋ ಭಾಗ, ಉದಾಹರಣೆಗೆ 890ರಿಂದ 915 ಮೆಗಾಹರ್ಟ್ಸ್ ಒಳಗಿನ ಒಂದು ಚಾನೆಲ್‌ನಲ್ಲಿ. ಅದಕ್ಕೆ ಬಲ ತುಂಬುವುದು ಪವರ್ ಆಂಪ್ಲಿಫೈಯರ್. ಟವರ್‌ಗೆ ಕಳಿಸುವವರು ಇವರು.

ಆದರೂ ಇಂಟರ್‌ಫೇಸ್ ಚಿಪ್‌ಗೆ ಒಂದು ಹಿಡಿತ ಉಳಿದಿದೆ. ಜಿಎಸ್‌ಎಂ ಫೋನ್ ಎಡೆಬಿಡದೆ ಕಳಿಸುವುದಿಲ್ಲ. 4.615 ಮಿಲಿಸೆಕೆಂಡಿಗೊಮ್ಮೆ ಅದರ ಸರದಿ, ಸರದಿಗೆ ಸಿಗುವುದು 577 ಮೈಕ್ರೋಸೆಕೆಂಡ್. ಆಂಪ್ಲಿಫೈಯರ್ ದಿಢೀರನೆ ಆನ್ ಆದರೆ ಸಿಗ್ನಲ್ ಅಕ್ಕಪಕ್ಕದ ಚಾನೆಲ್‌ಗಳಿಗೂ ಚೆಲ್ಲುತ್ತದೆ. ಅದಕ್ಕೇ ಇಂಟರ್‌ಫೇಸ್ ಚಿಪ್ ಇನ್ನೊಂದು ಪುಟ್ಟ ವೋಲ್ಟೇಜ್ ಕೊಟ್ಟು ಬಲವನ್ನು ನಯವಾಗಿ ಏರಿಸಿ, ನಯವಾಗಿ ಇಳಿಸುತ್ತದೆ. ಸೆಕೆಂಡಿಗೆ ಸುಮಾರು 217 ಸಲ. ಕರೆ ಬರುವ ಮುಂಚೆ ಹತ್ತಿರದ ಸ್ಪೀಕರ್ ಟಿಟ್ಟಿಟ್ ಅನ್ನುತ್ತಿದ್ದದ್ದು ನೆನಪಿದೆ ಅಲ್ವಾ? ಕರೆ ಶುರುವಾದ ಮೇಲಿನ ಗುಂಯ್ ಸದ್ದು ಈ 217ರದ್ದು. ಅದರಲ್ಲಿ ಯಾರ ಮಾತೂ ಇಲ್ಲ, ಇರುವುದು ಬಲದ ಏರಿಳಿತ ಮಾತ್ರ. 900 ಮೆಗಾಹರ್ಟ್ಸ್‌ನ ಜಿಎಸ್‌ಎಂ ಫೋನ್ ಸಾಮಾನ್ಯವಾಗಿ 2 ವ್ಯಾಟ್‌ವರೆಗೆ ಹೋಗುತ್ತಿತ್ತು. 4ಜಿ ಫೋನ್‌ಗೆ ಸಾಮಾನ್ಯ ಮಿತಿ 0.2 ವ್ಯಾಟ್. ಆ ಸದ್ದು ಈಗ ಅಪರೂಪವಾಗಿರುವುದಕ್ಕೆ ಅದೂ ಒಂದು ಕಾರಣ.