ಸೂಜಿಯ ಕಣ್ಣು, ಮೂಗಿನ ರುಚಿ, ಗೆಳೆಯರ ಮಾತು: 60ರ ನಂತರ ಬದಲಾಗುವುದೇನು?

ವರ್ಷಗಟ್ಟಲೆ ಕಸೂತಿ ಹಾಕಿದ ಕೈ ಸೂಜಿಗೆ ದಾರ ಪೋಣಿಸಲು ತಡಕಾಡುತ್ತದೆ. ಅಡುಗೆಗೆ ಉಪ್ಪು ಜಾಸ್ತಿಯಾಯಿತೆಂದು ಮನೆಮಂದಿ ಮುಖ ಕಿವುಚುತ್ತಾರೆ, ಹಾಕಿದವರಿಗೋ ಅದು ಇನ್ನೂ ಸಪ್ಪೆ. ಹತ್ತು ಪುಟ ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ. ನಾಲ್ಕು ಜನ ಸೇರಿದಲ್ಲಿ ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುವುದು ರೂಢಿ. ಆ ಉತ್ತರ ತಪ್ಪಲ್ಲ, ಅರೆಬರೆ ಅಷ್ಟೆ. ಈ ನಾಲ್ಕರಲ್ಲೂ ಕಲಿತ ವಿದ್ಯೆ ಬಹುಪಾಲು ಹಾಗೆಯೇ ಉಳಿದಿರುತ್ತದೆ. ಅದಕ್ಕೆ ಹೊರಗಿನಿಂದ ಬಂದು ಸೇರಬೇಕಾದ ಬೆಳಕು, ವಾಸನೆ, ಸದ್ದು ಕಡಿಮೆಯಾಗಿರುತ್ತದೆ. ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿಕೊಳ್ಳಬಹುದು, ಎಷ್ಟು ಕಡಿಮೆಯಾಗಿದೆ ಎಂಬ ಲೆಕ್ಕ ಗೊತ್ತಿದ್ದರೆ.

ಮೊದಲು ಕಣ್ಣು. ಕಣ್ಣೊಳಗಿನ ಮಸೂರ ಜೀವನವಿಡೀ ಪದರದ ಮೇಲೆ ಪದರ ಬೆಳೆಯುತ್ತಲೇ ಇರುತ್ತದೆ. ಹಳೆಯ ಪದರ ಉದುರಿಹೋಗುವುದಿಲ್ಲ. ಹಾಗಾಗಿ ಅದರ ನಡುಭಾಗ ಕ್ರಮೇಣ ಗಡುಸಾಗಿ, ಹತ್ತಿರದ್ದನ್ನು ನೋಡಲು ಬೇಕಾದಂತೆ ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ. ಹತ್ತು ವರ್ಷದ ಮಗು 7–8 ಸೆಂ.ಮೀ. ದೂರದಲ್ಲಿರುವ ಅಕ್ಷರವನ್ನೂ ಸ್ಪಷ್ಟವಾಗಿ ಕಾಣಬಲ್ಲದು. 60ರ ವಯಸ್ಸಿನಲ್ಲಿ, ದೂರದ ನೋಟ ಸರಿಯಿದ್ದವರಿಗೂ, ಈ ಅಂತರ ಸುಮಾರು ಒಂದು ಮೀಟರ್ ಆಗಿರುತ್ತದೆ. ಚಾಳೀಸು ಎಂದರೆ ಇದೇ. ಓದುವ ಕನ್ನಡಕ ಎಲ್ಲರಿಗೂ ಗೊತ್ತು, ಆದರೆ ಓದುವ ಕನ್ನಡಕವೇ ಹೊಲಿಗೆಗೂ ಸಾಕೆಂದು ನಂಬಿ ಕುತ್ತಿಗೆ ನೋಯಿಸಿಕೊಳ್ಳುವವರು ಬಹಳ. ಕನ್ನಡಕದ ಪವರ್ ದೂರಕ್ಕೆ ಕಟ್ಟುಬಿದ್ದದ್ದು: 100ನ್ನು ಪವರಿನಿಂದ ಭಾಗಿಸಿದರೆ ಎಷ್ಟು ಸೆಂ.ಮೀ. ದೂರಕ್ಕೆ ಅದು ಸರಿ ಎಂಬುದು ಸಿಗುತ್ತದೆ. +2.5 ಎಂದರೆ 40 ಸೆಂ.ಮೀ., +4 ಎಂದರೆ 25 ಸೆಂ.ಮೀ. ಹೊಲಿಯುವ ಭಂಗಿಯಲ್ಲೇ ಕುಳಿತು, ಕಣ್ಣಿನಿಂದ ಬಟ್ಟೆಗೆ ಎಷ್ಟು ದೂರವೆಂದು ಟೇಪಿನಲ್ಲಿ ಅಳೆಸಿಕೊಂಡು, ಆ ಅಳತೆಯನ್ನು ಕಣ್ಣು ಪರೀಕ್ಷಿಸುವವರಿಗೆ ಹೇಳಬೇಕು. ದೂರದ ನಂಬರೂ ಇದ್ದವರಿಗೆ ಅದನ್ನು ಕೂಡಿಸಿ ಅವರೇ ಲೆಕ್ಕ ಹಾಕುತ್ತಾರೆ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕದಲ್ಲಿ ಹತ್ತಿರದ ಭಾಗ ಕೆಳಗಿರುವುದರಿಂದ, ಎದುರು ಫ್ರೇಮ್ ಇಟ್ಟುಕೊಂಡು ಹೊಲಿಯುವವರು ಗದ್ದ ಎತ್ತಿಕೊಂಡೇ ಕೂರಬೇಕಾಗುತ್ತದೆ. ಹೊಲಿಗೆಗೆಂದೇ ಒಂದೇ ಪವರಿನ ಬೇರೆ ಕನ್ನಡಕ ಇದ್ದರೆ ಆ ತಾಪತ್ರಯವಿಲ್ಲ.

ಕನ್ನಡಕ ಸರಿಯಾದ ಮೇಲೂ ಬೆಳಕಿನ ಕೊರತೆ ಉಳಿಯುತ್ತದೆ. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. 20ರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ 60ರ ಕಣ್ಣಿನೊಳಗೆ ತಲುಪುತ್ತದೆ. ಇದಕ್ಕೆ ದೊಡ್ಡ ಬಲ್ಬು ಹಾಕುವುದಕ್ಕಿಂತ ದೀಪವನ್ನು ಹತ್ತಿರ ತರುವುದು ಮೇಲು. ಟೇಬಲ್ ಲ್ಯಾಂಪಿನಂಥ ಚಿಕ್ಕ ದೀಪದ ದೂರ ಅರ್ಧವಾದರೆ ಬೀಳುವ ಬೆಳಕು ಸುಮಾರು ನಾಲ್ಕು ಪಟ್ಟು: 60 ಸೆಂ.ಮೀ.ನಿಂದ 30 ಸೆಂ.ಮೀ.ಗೆ ತಂದರೆ ಸಾಕು. ಬಲಗೈಯವರಿಗೆ ದೀಪ ಎಡ ಭುಜದ ಕಡೆ ಇರಲಿ, ಇಲ್ಲವಾದರೆ ಸೂಜಿಯ ತುದಿ ಬೀಳುವಲ್ಲೇ ಕೈಯ ನೆರಳು ಬೀಳುತ್ತದೆ. ಕಸೂತಿ ಹಾಕುವ ಕ್ಯಾನ್ವಾಸ್ (ಜಾಲರಿಯಂತೆ ತೂತುಗಳಿರುವ ಬಟ್ಟೆ) ಬಿಳಿಯದಾಗಿದ್ದರೆ ತೊಡೆಯ ಮೇಲೆ ಕಪ್ಪು ಬಟ್ಟೆ, ಬಟ್ಟೆ ಗಾಢ ಬಣ್ಣದ್ದಾಗಿದ್ದರೆ ಬಿಳಿ ಬಟ್ಟೆ ಹಾಸಿಕೊಂಡರೆ ತೂತುಗಳು ಎದ್ದು ಕಾಣುತ್ತವೆ. ಬಿಡಿಗಾಸಿನ ಖರ್ಚಿಲ್ಲದ ಈ ಉಪಾಯ ಎಷ್ಟೋ ಭೂತಗನ್ನಡಿಗಳಿಗಿಂತ ವಾಸಿ.

ಹಳದಿ ಮಸೂರ ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಕಡುನೀಲಿ ಮತ್ತು ಕಪ್ಪು, ನೀಲಿ ಮತ್ತು ಹಸಿರು ಒಂದರೊಳಗೊಂದು ಬೆರೆತಂತೆ ಕಾಣುತ್ತವೆ. ದಾರಗಳನ್ನು ಹಗಲಿನ ಬೆಳಕಿನಲ್ಲಿ ಬೇರ್ಪಡಿಸಿ, ಪ್ರತಿಯೊಂದಕ್ಕೂ ಅದರ ಬಣ್ಣದ ನಂಬರಿನ ಚೀಟಿ ಕಟ್ಟಿಡಬೇಕು. ರಾತ್ರಿ ಕಣ್ಣನ್ನು ನಂಬಬಾರದು, ಚೀಟಿಯನ್ನು ನಂಬಬೇಕು. ಪೊರೆಯ ಆಪರೇಷನ್ ಆಗಲಿದ್ದರೆ ಬಣ್ಣದ ಛಾಯೆಗಳನ್ನು ಆರಿಸುವ ಕೆಲಸವನ್ನು ಆಮೇಲೆ ಇಟ್ಟುಕೊಳ್ಳುವುದು ಜಾಣತನ. ಹಳದಿ ಮಸೂರ ಹೋಗಿ ಸ್ವಚ್ಛ ಮಸೂರ ಬಂದಾಗ ನೀಲಿಗಳು ಒಮ್ಮೆಲೇ ಪ್ರಖರವಾಗಿ, ಮೊದಲು ಹೊಂದಿಸಿದ್ದ ಛಾಯೆಗಳು ಹೊಂದದೇ ಹೋಗಬಹುದು.

ನೀಡಲ್‌ಪಾಯಿಂಟ್ ಎಂದು ಕರೆಯುವ ಕ್ಯಾನ್ವಾಸ್ ಕಸೂತಿಯಲ್ಲಿ ಇಂಚಿಗೆ ಎಷ್ಟು ತೂತು ಎಂಬುದೇ ಮುಖ್ಯ ಅಳತೆ. 18ರ ಕ್ಯಾನ್ವಾಸಿನಲ್ಲಿ ತೂತಿನಿಂದ ತೂತಿಗೆ ಸುಮಾರು 1.4 ಮಿ.ಮೀ., 10ರದ್ದರಲ್ಲಿ 2.5 ಮಿ.ಮೀ. ಹತ್ತು ಸೆಂ.ಮೀ. ಚೌಕ ತುಂಬಲು ಮೊದಲನೆಯದಕ್ಕೆ ಸುಮಾರು 5,000 ಹೊಲಿಗೆ, ಎರಡನೆಯದಕ್ಕೆ ಸುಮಾರು 1,550. 18ರಲ್ಲಿ ಕಷ್ಟವಾದರೆ 13 ಅಥವಾ 12ಕ್ಕೆ ಬಂದರೆ ಚಿತ್ರ ಕೆಡುವುದಿಲ್ಲ, ಸ್ವಲ್ಪ ದೊಡ್ಡದಾಗುತ್ತದೆ ಅಷ್ಟೆ. ತುದಿ ಮೊಂಡಾದ ಟ್ಯಾಪೆಸ್ಟ್ರಿ ಸೂಜಿಯೇ ಬೇಕು: 18ರ ಕ್ಯಾನ್ವಾಸಿಗೆ 22ನೇ ನಂಬರು, 13–14ಕ್ಕೆ 20, 10–12ಕ್ಕೆ 18. ನಂಬರು ಇಳಿದಷ್ಟೂ ಸೂಜಿ ದಪ್ಪ, ಅದರ ಕಣ್ಣೂ ದೊಡ್ಡದು.

ದಾರ ಪೋಣಿಸುವಾಗ ತುದಿಯನ್ನು ಎಂಜಲು ಮಾಡಿ ಗುರಿಯಿಡುವುದು ಹಳೆಯ ಚಾಳಿ. ಉಣ್ಣೆ ದಾರವಾದರೆ ಒದ್ದೆಯಾಗಿ ಇನ್ನಷ್ಟು ಉಬ್ಬುತ್ತದೆ. ಅದರ ಬದಲು ದಾರದ ತುದಿಯಿಂದ 2–3 ಸೆಂ.ಮೀ. ಬಿಟ್ಟು ಸೂಜಿಯ ಮೈಗೆ ಮಡಿಸಿ ಬಿಗಿಯಾಗಿ ಎಳೆದು ಹಿಡಿಯಿರಿ. ಆ ಮಡಿಕೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಕೂದಲೆಳೆಯಷ್ಟೇ ಕಾಣುವಂತೆ ಒತ್ತಿಹಿಡಿದು ಸೂಜಿಯನ್ನು ಜಾರಿಸಿ ತೆಗೆಯಿರಿ. ಈಗ ದಾರವನ್ನು ಸೂಜಿಗೆ ಒಯ್ಯಬೇಡಿ, ಸೂಜಿಯ ಕಣ್ಣನ್ನು ಆ ಮಡಿಕೆಯ ಮೇಲೆ ಒತ್ತಿ ಕೂರಿಸಿ. ಇದರಲ್ಲಿ ನೋಟಕ್ಕಿಂತ ಬೆರಳ ಸ್ಪರ್ಶದ ಕೆಲಸ ಹೆಚ್ಚು. ದಾರದ ಉದ್ದ 45 ಸೆಂ.ಮೀ. ಮೀರದಿರಲಿ. ಉದ್ದ ದಾರದ ಒಂದೇ ಭಾಗ ನೂರಾರು ಸಲ ತೂತಿನೊಳಗೆ ಉಜ್ಜಿ ಸವೆದು ಕೊನೆಯ ಹೊಲಿಗೆಗಳು ತೆಳ್ಳಗಾಗುತ್ತವೆ, ಪ್ರತಿ ಎಳೆತಕ್ಕೂ ತೋಳು ಪೂರ್ತಿ ಚಾಚಿ ಭುಜವೂ ಸೋಲುತ್ತದೆ.

ದೊಡ್ಡ ಹಿನ್ನೆಲೆ ತುಂಬಲು ಕರ್ಣದ ಗುಂಟ ಸಾಗುವ ಬ್ಯಾಸ್ಕೆಟ್‌ವೀವ್ ಹೊಲಿಗೆ ಎಲ್ಲಕ್ಕಿಂತ ಒಳ್ಳೆಯದು. ಕ್ಯಾನ್ವಾಸ್ ಓರೆಯಾಗಿ ಎಳೆದುಕೊಳ್ಳುವುದು ಇದರಲ್ಲಿ ತೀರಾ ಕಡಿಮೆ. ಇದರ ಒಂದು ತೊಡಕೆಂದರೆ, ಪಕ್ಕಪಕ್ಕದ ಎರಡು ಸಾಲು ಒಂದೇ ದಿಕ್ಕಿನಲ್ಲಿ ಬಂದರೆ ಮೇಲ್ಗಡೆ ಗೆರೆ ಎದ್ದು ಕಾಣುತ್ತದೆ, ಒದ್ದೆ ಮಾಡಿ ಪಿನ್ ಹೊಡೆದು ಒಣಗಿಸಿದರೂ ಹೋಗುವುದಿಲ್ಲ. ನಿನ್ನೆ ಏರುವ ಸಾಲೋ ಇಳಿಯುವ ಸಾಲೋ ಎಂದು ನೆನಪಿಡುವ ಬದಲು ಕೆಲಸವನ್ನು ಯಾವಾಗಲೂ ಸಾಲಿನ ನಡುವೆಯೇ ನಿಲ್ಲಿಸಬೇಕು, ಸೂಜಿಯನ್ನು ಅಲ್ಲೇ ಚುಚ್ಚಿಡಬೇಕು. ನಾಳೆ ಬಟ್ಟೆಯೇ ದಿಕ್ಕು ಹೇಳುತ್ತದೆ.

ಈ ಕ್ಯಾನ್ವಾಸು ಇನ್ನೊಂದಕ್ಕೂ ಉಪಯೋಗಕ್ಕೆ ಬರುತ್ತದೆ. ಅಕ್ಷಿಪಟಲದ ನಡುಭಾಗ ಹಾಳಾಗುವ ಕಾಯಿಲೆಯನ್ನು ಗುರುತಿಸಲು ಕಣ್ಣಿನ ವೈದ್ಯರು ಬಳಸುವ ಆಮ್ಸ್ಲರ್ ಚೌಕಳಿಯೂ ನೇರ ಗೆರೆಗಳ ಜಾಲರಿಯೇ. ಒಂದು ಕಣ್ಣು ಮುಚ್ಚಿ ನೋಡುವಾಗ ಕ್ಯಾನ್ವಾಸಿನ ಎಳೆಗಳು ಒಂದು ಕಡೆ ಸೊಟ್ಟಗೆ, ಅಲೆಅಲೆಯಾಗಿ ಕಂಡರೆ, ಅಥವಾ ಅಲ್ಲೊಂದು ಮಸುಕು ಕಲೆ ಕಂಡರೆ, ತಡಮಾಡದೆ ಕಣ್ಣು ತೋರಿಸಬೇಕು. ಎರಡೂ ಕಣ್ಣು ತೆರೆದಿದ್ದಾಗ ಚೆನ್ನಾಗಿರುವ ಕಣ್ಣು ಇನ್ನೊಂದರ ತಪ್ಪನ್ನು ಮುಚ್ಚಿಹಾಕುವುದರಿಂದ ತಿಂಗಳುಗಟ್ಟಲೆ ಗೊತ್ತೇ ಆಗದಿರಬಹುದು.

ಕೈಯ ವಿಷಯದಲ್ಲಿ ಒಂದೇ ಲೆಕ್ಕ ಸಾಕು. ಹೆಬ್ಬೆರಳ ತುದಿಯಲ್ಲಿ ಒಂದು ಕಿಲೋ ಬಲದಿಂದ ಚಿವುಟಿ ಹಿಡಿದರೆ, ಬುಡದ ಕೀಲಿನ ಮೇಲೆ ಬೀಳುವ ಒತ್ತಡ ಸುಮಾರು 12 ಕಿಲೋ ಎಂದು 1977ರಲ್ಲೇ ಲೆಕ್ಕ ಹಾಕಲಾಗಿದೆ. ಸೂಜಿ ಹಿಡಿಯುವವರ ನೋವು ಬೆರಳ ತುದಿಗಿಂತ ಮಣಿಕಟ್ಟಿನ ಹತ್ತಿರ ಹೆಬ್ಬೆರಳ ಬುಡದಲ್ಲಿ ಶುರುವಾಗುವುದು ಇದಕ್ಕೇ. ಫ್ರೇಮನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಸಿಕ್ಕಿಸಿ, ಒಂದು ಕೈ ಮೇಲೆ ಒಂದು ಕೈ ಕೆಳಗೆ ಇಟ್ಟು ಹೊಲಿದರೆ ಚಿವುಟುವ ಬಲ ಬಹಳ ಕಡಿಮೆಯಾಗುತ್ತದೆ. ಅರ್ಧ ಗಂಟೆಗೊಮ್ಮೆ ಕೈ ಬಿಡಿಸಿಕೊಳ್ಳಬೇಕು. ಅಡುಗೆಮನೆಯಲ್ಲೂ ಇದೇ ನ್ಯಾಯ. ಮೊಂಡು ಚಾಕುವಿಗಿಂತ ಹರಿತ ಚಾಕು ಕೀಲಿಗೆ ಹಿತ, ಹಿಡಿ ದಪ್ಪಗಿರಬೇಕು. ಗಟ್ಟಿ ಮುಚ್ಚಳದ ಅಂಚಿಗೆ ಚಮಚದ ತುದಿ ಕೊಟ್ಟು ಒಮ್ಮೆ ಮೀಟಿದರೆ ಒಳಗೆ ಗಾಳಿ ಹೊಕ್ಕು ಮುಚ್ಚಳ ಸಡಿಲವಾಗುತ್ತದೆ.

ರುಚಿ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಮೂಗಿನದು. ಅಗಿಯುವಾಗ ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ಪರಿಮಳ ಅದು. ಮೂಗಿನ ಗ್ರಾಹಕ ಕೋಶಗಳು ಜೀವನವಿಡೀ ಹೊಸದಾಗಿ ಹುಟ್ಟುತ್ತಿರುತ್ತವೆ, ವಯಸ್ಸಾದಂತೆ ಆ ಹುಟ್ಟು ನಿಧಾನವಾಗುತ್ತದೆ. ಸೊರಗುವುದು ಪರಿಮಳ, ನಾವು ಸುರಿಯುವುದು ಉಪ್ಪು. ಕೊರತೆಯೇ ಒಂದು, ಅದಕ್ಕೆ ನಾವು ಮಾಡುವ ಮದ್ದೇ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಇರಬೇಕು, ಅಂದರೆ ಮಟ್ಟಸ ಮಾಡಿದ ಒಂದು ಟೀ ಚಮಚಕ್ಕಿಂತ ಕಡಿಮೆ. ಆದ್ದರಿಂದ ಉಪ್ಪನ್ನು ನಾಲಗೆಯಿಂದ ಅಳೆಯದೆ ಚಮಚದಿಂದಲೇ ಅಳೆಯಬೇಕು. ರುಚಿ ಏರಿಸಲು ಬೇರೆ ದಾರಿಗಳಿವೆ: ಕೊನೆಯಲ್ಲಿ ನಿಂಬೆರಸ, ಬಿಸಿ ಎಣ್ಣೆಯಲ್ಲಿ ಒಂದರೆಗಳಿಗೆ ಅರಳಿಸಿದ ಮಸಾಲೆ (ಪರಿಮಳದ ಅನೇಕ ಅಂಶಗಳು ಕರಗುವುದು ನೀರಿನಲ್ಲಲ್ಲ, ಎಣ್ಣೆಯಲ್ಲಿ), ಕಂದುಬಣ್ಣಕ್ಕೆ ಹುರಿದ ಈರುಳ್ಳಿ, ಹಲ್ಲಿಗೆ ಗರಿಗರಿಯಾಗಿ ಸಿಗುವ ಏನಾದರೊಂದು. ವಾಸನೆ ಇದ್ದಕ್ಕಿದ್ದಂತೆ ಹೋದರೆ ಅದು ವಯಸ್ಸಿನ ಲಕ್ಷಣವಲ್ಲ, ವೈದ್ಯರಿಗೆ ತೋರಿಸಬೇಕಾದ್ದು.

ಮೂಗು ಸೋತರೆ ರುಚಿಗಿಂತ ದೊಡ್ಡ ಅಪಾಯ ಬೇರೆಯಿದೆ. ಕೆಟ್ಟ ಹಾಲು, ಸೋರುವ ಗ್ಯಾಸ್ ಎರಡನ್ನೂ ನಾವು ಹಿಡಿಯುವುದು ವಾಸನೆಯಿಂದಲೇ. ಗ್ಯಾಸ್ ಸೋರಿಕೆಗೆ ಕೂಗುವ ಯಂತ್ರ, ಪಾತ್ರೆಗೆ ತಾರೀಕಿನ ಪಟ್ಟಿ, ಇವೆರಡೂ ಮೂಗಿನ ಬದಲಿಗೆ ನಿಲ್ಲುತ್ತವೆ. ಬೇಯಿಸಿದ್ದು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು, ಫ್ರಿಜ್ಜಿನ ಒಳಗೆ 5 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಅನ್ನದ ವಿಷಯದಲ್ಲಿ ಇನ್ನೂ ಬಿಗಿ: ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯಲ್ಲೂ ಸಾಯುವುದಿಲ್ಲ. ಬೆಚ್ಚಗೆ ಬಿಟ್ಟ ಅನ್ನದಲ್ಲಿ ಅವು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಒಲೆ ಮರೆಯುವುದಕ್ಕೆ ಟೈಮರ್ ಅನ್ನು ಅಡುಗೆಮನೆಯಲ್ಲಿಡದೆ ಕೊರಳಿಗೆ ಹಾಕಿಕೊಳ್ಳಬೇಕು. ಅದಿಲ್ಲವಾದರೆ ಸೌಟನ್ನೇ ಕೈಯಲ್ಲಿ ಹಿಡಿದು ಹೊರಗೆ ಹೋಗಬೇಕು. ‘ಹತ್ತು ನಿಮಿಷ ಬಿಟ್ಟು’ ಎಂಬ ನೆನಪು ವಯಸ್ಸಾದಂತೆ ಜಾರುತ್ತದೆ, ಕಣ್ಣೆದುರಿನ ವಸ್ತು ಕೊಡುವ ನೆನಪು ಅಷ್ಟು ಜಾರುವುದಿಲ್ಲ.

ಇನ್ನು ಪ್ರೋಟೀನ್. ವಯಸ್ಸಾದ ಸ್ನಾಯುಗಳು ಅದನ್ನು ಬಳಸಿಕೊಳ್ಳುವುದರಲ್ಲಿ ಹಿಂದೆ ಬೀಳುವುದರಿಂದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1–1.2 ಗ್ರಾಂ ಬೇಕೆಂದು 2013ರಲ್ಲಿ ತಜ್ಞರ ತಂಡವೊಂದು ಸಲಹೆ ಕೊಟ್ಟಿತು. 60 ಕಿಲೋ ತೂಗುವವರಿಗೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ 8. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಏರಿಸಬಾರದು.

ಓದಿನಲ್ಲಿ ತಪ್ಪುವುದು ಅಕ್ಷರದ ಗಾತ್ರ. ಕಷ್ಟಪಟ್ಟು ಗುರುತಿಸಬಹುದಾದ ಅತಿ ಚಿಕ್ಕ ಅಕ್ಷರದಲ್ಲಿ ಸರಾಗವಾಗಿ ಓದಲಾಗುವುದಿಲ್ಲ, ಅದರ ಎರಡರಷ್ಟಾದರೂ ಬೇಕು. ಒಂದೊಂದೇ ಅಕ್ಷರ ಬಿಡಿಸುವುದರಲ್ಲೇ ಗಮನ ಮುಗಿದರೆ ಹಿಂದಿನ ಸಾಲು ಮರೆತುಹೋಗುತ್ತದೆ. ಅದನ್ನು ಮರೆವಿನ ಕಾಯಿಲೆ ಎಂದು ಹೆದರುವವರಿದ್ದಾರೆ. ಸಾಲು ತಪ್ಪುವವರು ಕಪ್ಪು ರಟ್ಟಿನಲ್ಲಿ ಒಂದು ಸಾಲಿನಷ್ಟು ಸೀಳು ಕತ್ತರಿಸಿ ಪುಟದ ಮೇಲೆ ಜಾರಿಸಿಕೊಂಡು ಓದಬಹುದು, ಬಿಳಿ ಕಾಗದದ ಪ್ರತಿಫಲನವೂ ಅದರಿಂದ ತಗ್ಗುತ್ತದೆ. ಶಬ್ದಸಂಪತ್ತು 60 ದಾಟಿದ ಮೇಲೂ ಚೆನ್ನಾಗಿಯೇ ಉಳಿಯುತ್ತದೆ, ಹೆಸರುಗಳು ಮಾತ್ರ ನಾಲಗೆಯ ತುದಿಗೆ ಬಂದು ನಿಲ್ಲುತ್ತವೆ.

ಈ ಹವ್ಯಾಸಗಳು ಮೆದುಳಿಗೆ ಒಳ್ಳೆಯವೇ? ಮನೋವಿಜ್ಞಾನಿ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 60ರಿಂದ 90 ವರ್ಷದವರಲ್ಲಿ ಕೆಲವರು ವಾರಕ್ಕೆ ಸುಮಾರು 15 ಗಂಟೆಗೂ ಹೆಚ್ಚು, ಮೂರು ತಿಂಗಳ ಕಾಲ ಕ್ವಿಲ್ಟ್ (ಕೌದಿಯಂಥದ್ದು) ಹೊಲಿಗೆಯನ್ನೋ ಡಿಜಿಟಲ್ ಛಾಯಾಗ್ರಹಣವನ್ನೋ ಹೊಸದಾಗಿ ಕಲಿತರು. ಇನ್ನು ಕೆಲವರು ಹೊಸದೇನೂ ಕಲಿಯದೆ ಬರೀ ಸೇರಿ ಕಾಲ ಕಳೆದರು. ನೆನಪಿನ ಪರೀಕ್ಷೆಯಲ್ಲಿ ಮುಂದೆ ಬಂದವರು ಕಲಿತವರು, ಅದರಲ್ಲೂ ಛಾಯಾಗ್ರಹಣದವರು. ಬರುವ ಹೊಲಿಗೆಯನ್ನೇ ಹಾಕುತ್ತ ಕೂರುವುದು ಮನಸ್ಸಿಗೆ ನೆಮ್ಮದಿ, ಅದು ತಪ್ಪಲ್ಲ. ಆದರೆ ನೆನಪಿಗೆ ಕಸರತ್ತು ಬೇಕೆನ್ನುವವರು ತಮಗೆ ಬರದ ಹೊಲಿಗೆಯನ್ನು ಎತ್ತಿಕೊಳ್ಳಬೇಕು.

ಗೆಳೆತನದ ವಿಷಯಕ್ಕೆ ಬಂದರೆ, ವಯಸ್ಸಾದಂತೆ ಪರಿಚಯಸ್ಥರ ಸಂಖ್ಯೆ ಇಳಿಯುವುದನ್ನು ಅಷ್ಟಾಗಿ ಹಚ್ಚಿಕೊಳ್ಳಬೇಕಿಲ್ಲ. ಮುಂದಿರುವ ಕಾಲ ಕಡಿಮೆ ಎನಿಸಿದಾಗ ಜನ ಆಪ್ತರನ್ನು ಉಳಿಸಿಕೊಂಡು ಉಳಿದವರನ್ನು ತಾವಾಗಿಯೇ ಬಿಡುತ್ತಾರೆ ಎಂಬುದು ಮನೋವಿಜ್ಞಾನಿ ಲಾರಾ ಕಾರ್‌ಸ್ಟೆನ್ಸನ್ ಅವರ ವಿವರಣೆ. ಆಪ್ತರೇ ಇಲ್ಲದಿರುವುದು ಮಾತ್ರ ಚಿಂತೆಯ ವಿಷಯ. 148 ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಬಂದ ವಿಶ್ಲೇಷಣೆಯಲ್ಲಿ, ಗಟ್ಟಿ ಸಂಬಂಧಗಳಿದ್ದವರು ಬದುಕುಳಿಯುವ ಸಾಧ್ಯತೆ ಇತರರಿಗಿಂತ ಶೇ. 50ರಷ್ಟು ಹೆಚ್ಚು ಕಂಡಿತು. ಹೊಸಬರು ಆಪ್ತರಾಗಲು 200 ಗಂಟೆಗೂ ಹೆಚ್ಚಿನ ಒಡನಾಟ ಬೇಕೆಂದು 2018ರ ಇನ್ನೊಂದು ಅಧ್ಯಯನ ಅಂದಾಜಿಸಿತು. ಅದು ನಡೆದದ್ದು ಊರು ಬದಲಿಸಿದವರ ಮತ್ತು ಹೊಸ ವಿದ್ಯಾರ್ಥಿಗಳ ನಡುವೆ. ಆದರೂ ವಾರಕ್ಕೆ ಎರಡು ಗಂಟೆಯಂತೆ ಸೇರುವವರಿಗೆ ಅದು ಎರಡು ವರ್ಷದ ಮಾತಾಗುತ್ತದೆ. ಎರಡನೇ ಭೇಟಿಗೇ ನಿರಾಶರಾಗುವುದರಲ್ಲಿ ಅರ್ಥವಿಲ್ಲ.

ಕೂಟ ಬಿಟ್ಟುಹೋಗುವವರಲ್ಲಿ ಅನೇಕರದು ಬೇಸರವಲ್ಲ, ಕಿವಿ. ವಯಸ್ಸಿನ ಕಿವುಡು ಮೊದಲು ಕಿತ್ತುಕೊಳ್ಳುವುದು ಮೇಲಿನ ಸ್ಥಾಯಿಯನ್ನು. ಸ, ಶ, ತ, ಕದಂಥ ವ್ಯಂಜನಗಳು ಇರುವುದು ಅಲ್ಲೇ. ಸ್ವರಗಳು ಉಳಿದುಕೊಳ್ಳುವುದರಿಂದ ಸದ್ದು ಕೇಳಿಸುತ್ತದೆ, ಪದ ತಿಳಿಯುವುದಿಲ್ಲ. ಕೂಗಿದರೆ ಏರುವುದು ಮುಖ್ಯವಾಗಿ ಸ್ವರಗಳೇ, ಹಾಗಾಗಿ ಕೂಗಾಟದಿಂದ ಪ್ರಯೋಜನ ಕಡಿಮೆ. ಹೆಸರು ಹಿಡಿದು ಕರೆದು, ಮುಖ ತಿರುಗಿದ ಮೇಲೆ, ನಿಧಾನವಾಗಿ ಹೇಳಬೇಕು. ಎರಡು ಮೀಟರ್ ದೂರದ ಕುರ್ಚಿಯನ್ನು ಒಂದು ಮೀಟರಿಗೆ ಎಳೆದರೆ ನೇರವಾಗಿ ಬರುವ ಮಾತು 6 ಡೆಸಿಬೆಲ್ ಏರುತ್ತದೆ. ಕಿವಿ ಮಂದವಿದ್ದವರು ಗೋಡೆಗೆ ಬೆನ್ನು ಕೊಟ್ಟು ಕೂರಲಿ, ಮಾತಾಡುವವರ ಹಿಂದೆ ಕಿಟಕಿ ಬೇಡ, ಮುಖದ ಮೇಲೆ ಬೆಳಕಿದ್ದರೆ ತುಟಿಯ ಚಲನೆ ಅರ್ಧ ಮಾತು ಹೇಳುತ್ತದೆ.

ಸೂಜಿ ಹಿಡಿದು ಕೂಡುವ ಗುಂಪಿನಲ್ಲಿ ಮಾತಾಡುವವರೂ ಕೇಳುವವರೂ ತಲೆ ಬಗ್ಗಿಸಿಯೇ ಇರುತ್ತಾರೆ, ತುಟಿ ಯಾರಿಗೂ ಕಾಣುವುದಿಲ್ಲ. ಎಣಿಸುತ್ತ ಮಾತಾಡುವುದೂ ವಯಸ್ಸಾದಂತೆ ಕಷ್ಟ, ಗಮನ ಎರಡು ಪಾಲಾದರೆ ಲೆಕ್ಕ ತಪ್ಪಿ ಸಂಜೆಯೆಲ್ಲ ಬಿಚ್ಚುವುದೇ ಆಗುತ್ತದೆ. ಆದ್ದರಿಂದ ನಕ್ಷೆ ನೋಡಿ ಎಣಿಸಬೇಕಾದ ಭಾಗವನ್ನು ಮನೆಯಲ್ಲಿ ಹಗಲು ಹೊತ್ತು ಮುಗಿಸಿ, ಒಂದೇ ಬಣ್ಣದ ಹಿನ್ನೆಲೆಯನ್ನು ಕೂಟಕ್ಕೆ ಒಯ್ಯುವುದು ಅನುಕೂಲ. ಹೊರಡುವ ಮೊದಲೇ ಐದಾರು ಸೂಜಿಗಳಿಗೆ ದಾರ ಪೋಣಿಸಿ ಸ್ಪಂಜಿಗೆ ಚುಚ್ಚಿಟ್ಟುಕೊಂಡರೆ ಅಲ್ಲಿ ತಲೆಯೆತ್ತಿ ಮಾತಾಡಲು ಪುರುಸೊತ್ತೂ ಸಿಗುತ್ತದೆ.