ಎಸಿ ಇಲ್ಲದ ಧೂಳಿನ ಆಫೀಸಿಗೆ ಎಂಥ ಸರ್ವರ್ ರ್ಯಾಕ್ ತಗೋಬೇಕು?

ಪ್ರಶ್ನೆ: ಸರ್, ನಮ್ಮದು ರಾಯಚೂರು ಹತ್ತಿರ ಹತ್ತಿ ಜಿನ್ನಿಂಗ್ ಮಿಲ್. ಆಫೀಸಿನಲ್ಲಿ ಎಸಿ ಇಲ್ಲ, ಸೀಲಿಂಗ್ ಫ್ಯಾನ್ ಅಷ್ಟೇ. ಒಂದು ಸರ್ವರ್, ಎರಡು ನೆಟ್‌ವರ್ಕ್ ಸ್ವಿಚ್, ಕ್ಯಾಮೆರಾಗಳ ದೃಶ್ಯ ರೆಕಾರ್ಡ್ ಮಾಡುವ ಎನ್‌ವಿಆರ್ ಇವೆ. ಇವನ್ನೆಲ್ಲ ಇಡಲು ಗಾಜಿನ ಬಾಗಿಲಿನ ರ್ಯಾಕ್ ತಗೊಂಡರೆ ಬಿಸಿ ಅಂತಾರೆ, ಜಾಲರಿ ಬಾಗಿಲಿಂದು ತಗೊಂಡರೆ ಧೂಳು ಅಂತಾರೆ. ಯಾವುದು ತಗೊಳ್ಳೋಣ?

ಗಾಜಿನದೇ ತಗೊಳ್ಳಿ. ಆದರೆ ಅಂಗಡಿಯವರು ಕೊಟ್ಟ ಹಾಗೇ ತಂದು ಇಟ್ಟುಬಿಡಬೇಡಿ. ಅದರ ಫ್ಯಾನ್ ಇರುವ ಜಾಗ, ಗಾಳಿ ಹೋಗುವ ದಿಕ್ಕು, ಎರಡನ್ನೂ ಬದಲಾಯಿಸಬೇಕು.

ಜಾಲರಿ ಬಾಗಿಲು ಡೇಟಾ ಸೆಂಟರ್‌ಗೆ ಸರಿ. ಅಲ್ಲಿ ಕೋಣೆಗೆ ಬರುವ ಗಾಳಿಯೇ ಸೋಸಿ ತಣ್ಣಗಾಗಿ ಬಂದಿರುತ್ತದೆ. ನಿಮ್ಮಲ್ಲಿ ಗಾಳಿಯ ಜೊತೆ ಹತ್ತಿಯ ಎಳೆಯೂ ಬರುತ್ತದೆ. ಹಾಗಾಗಿ ಆ ಮಾತು ಅಲ್ಲಿಗೆ ಬಿಡೋಣ.

ನಮ್ಮ ಕಡೆ ಸಿಗುವ ಬಹಳಷ್ಟು ಗಾಜಿನ ರ್ಯಾಕ್‌ಗಳಲ್ಲಿ ಫ್ಯಾನ್ ಇರುವುದು ನೆತ್ತಿಯ ಮೇಲೆ. ಒಳಗಿನ ಗಾಳಿಯನ್ನು ಎಳೆದು ಹೊರಗೆ ಹಾಕುತ್ತದೆ. ಬಿಸಿ ಗಾಳಿ ಮೇಲಕ್ಕೇ ಹೋಗುವುದು, ಸರಿಯಾಗೇ ಇದೆ ಅಲ್ವಾ ಅನಿಸುತ್ತದೆ. ಆದರೆ ಹೊರಗೆ ಹೋದಷ್ಟೇ ಗಾಳಿ ಒಳಗೆ ಬರಲೇಬೇಕು. ಎಲ್ಲಿಂದ ಬರುತ್ತದೆ? ಬಾಗಿಲ ಸಂದಿಯಿಂದ, ಕೇಬಲ್ ತೂರಿಸಿದ ತೂತಿನಿಂದ, ಪಕ್ಕದ ತಗಡಿನ ಅಂಚಿನಿಂದ. ಒಂದಕ್ಕೂ ಫಿಲ್ಟರ್ ಇಲ್ಲ. ದಿನವಿಡೀ ಆಫೀಸಿನ ಧೂಳು ಹೀರುವುದೇ ಅದರ ಕೆಲಸ ಆಗಿಬಿಡುತ್ತದೆ.

ಸಿಂಧನೂರು ಕಡೆಯ ಒಂದು ರೈಸ್ ಮಿಲ್ಲಿನಲ್ಲಿ ಇಂಥದ್ದೊಂದನ್ನು ಬಿಚ್ಚಿದ್ದೆ. ಗಾಜು ಫಳಫಳ ಅಂತಿತ್ತು, ಹುಡುಗ ದಿನಾ ಒರೆಸುತ್ತಿದ್ದನಂತೆ. ಬಾಗಿಲು ತೆಗೆದರೆ ಸಂದಿಯ ಉದ್ದಕ್ಕೂ ತೌಡಿನ ಬಣ್ಣದ ಗೆರೆ. ಗಾಳಿ ನುಗ್ಗುತ್ತಿದ್ದ ದಾರಿ ಅದು. ಎನ್‌ವಿಆರ್ ಮುಚ್ಚಳ ಬಿಚ್ಚಿದೆ. ಹೀಟ್‌ಸಿಂಕ್ ಅಂದರೆ ಚಿಪ್‌ನ ಬಿಸಿ ಹೊರಹಾಕುವ ಲೋಹದ ತುಂಡು, ಅದರ ರೆಕ್ಕೆಗಳ ನಡುವೆ ಧೂಳು ಕಂಬಳಿ ತುಂಡಿನ ಹಾಗೆ ಒತ್ತಿ ಕೂತಿತ್ತು. ಉಗುರಿನಿಂದ ಎಬ್ಬಿಸಿದರೆ ಇಡಿಯಾಗಿ ಎದ್ದು ಬಂತು. ನೆತ್ತಿಯ ಫ್ಯಾನ್ ಮಾತ್ರ ಹೊಸದರ ಹಾಗೆ ತಿರುಗುತ್ತಲೇ ಇತ್ತು!

ನೀವು ಮಾಡಬೇಕಾದ್ದು ಇದರ ಉಲ್ಟಾ. ರ್ಯಾಕಿನ ಮುಂಭಾಗದ ಕೆಳಗಡೆ ಎರಡು 4 ಇಂಚಿನ ಫ್ಯಾನ್ ಕೂರಿಸಿ, ಗಾಳಿಯನ್ನು ಒಳಕ್ಕೆ ತಳ್ಳುವ ಹಾಗೆ. ಹೊರಮೈಗೆ ಫಿಲ್ಟರ್ ಹಾಕಿ. ನಿಮ್ಮ ಮಿಲ್ಲಿನ ಪ್ಯಾನೆಲ್ ಬೋರ್ಡಿಗೆ ಹಾಕುವ ಫಿಲ್ಟರ್ ಫ್ಯಾನೇ ಸಾಕು, ಎಲೆಕ್ಟ್ರಿಷಿಯನ್‌ಗೆ ಹೇಳಿದರೆ ಗೊತ್ತಾಗುತ್ತದೆ. ನೆತ್ತಿಯ ಫ್ಯಾನ್ ಕಿತ್ತು, ಆ ತೂತುಗಳಿಗೆ ತೆಳು ಫಿಲ್ಟರ್ ಬಟ್ಟೆ ಹಾಸಿ. ಬಿಸಿ ಗಾಳಿ ಅಲ್ಲಿಂದ ಹೋಗುತ್ತದೆ, ಕರೆಂಟ್ ಇಲ್ಲದಾಗ ಧೂಳು ಒಳಗೆ ಉದುರುವುದಿಲ್ಲ. ಕೇಬಲ್ ತೂತಿಗೆ ಬ್ರಷ್ ಪಟ್ಟಿ ಬರುತ್ತದೆ, ಅದನ್ನೂ ಹಾಕಿಸಿ. ಈಗ ಒಳಗಿನ ಒತ್ತಡ ಹೊರಗಿಗಿಂತ ಸ್ವಲ್ಪ ಜಾಸ್ತಿ. ಸಂದಿ ಎಲ್ಲಿದ್ದರೂ ಗಾಳಿ ಹೊರಕ್ಕೇ ಬರುತ್ತದೆ. ಪರೀಕ್ಷೆ ಮಾಡಲು ಒಂದು ಊದುಬತ್ತಿ ಸಾಕು. ಬಾಗಿಲ ಸಂದಿಗೆ ಹಿಡಿಯಿರಿ. ಹೊಗೆ ನಿಮ್ಮ ಕಡೆಗೆ ಬಂದರೆ ಗೆದ್ದಿರಿ, ಒಳಕ್ಕೆ ಹೋದರೆ ಎಲ್ಲೋ ತಪ್ಪಿದೆ.

ಇನ್ನು ಅಳತೆ. ಗೋಡೆಗೆ ಹಾಕುವ 12ಯು ರ್ಯಾಕ್ (ಯು ಅಂದರೆ ರ್ಯಾಕಿನ ಎತ್ತರದ ಅಳತೆ, ಒಂದಕ್ಕೆ ಒಂದೂಮುಕ್ಕಾಲು ಇಂಚು) ನೋಡಿರುತ್ತೀರಿ, 600 ಮಿ.ಮೀ. ಅಗಲ, ಅಷ್ಟೇ ಆಳ. ಬಣ್ಣ ಹಚ್ಚಿದ ತಗಡು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 5.5 ವಾಟ್ ಶಾಖವನ್ನು ತಾನಾಗಿಯೇ ಹೊರಗೆ ಬಿಡುತ್ತದೆ. ಗೋಡೆಗೆ ಅಂಟಿದ ಹಿಂಬದಿ ಬಿಟ್ಟರೆ ಈ ಡಬ್ಬದ ಮೈ 1.8 ಚದರ ಮೀಟರ್. ಅಂದರೆ ಒಳಗೆ ಉರಿಯುವ ಪ್ರತಿ 10 ವಾಟಿಗೆ ಒಂದು ಡಿಗ್ರಿ ಏರುತ್ತದೆ. ನಿಮ್ಮ ಸಾಮಾನು ಎಲ್ಲ ಸೇರಿ 250 ವಾಟ್ ಅಂತಿಟ್ಟುಕೊಳ್ಳಿ. ಫ್ಯಾನ್ ನಿಂತರೆ ಕೋಣೆಗಿಂತ 25 ಡಿಗ್ರಿ ಜಾಸ್ತಿ. ಮೇ ತಿಂಗಳಲ್ಲಿ ಕೋಣೆಯೇ 40 ಇದ್ದರೆ ಒಳಗೆ 65. ಹಾರ್ಡ್ ಡಿಸ್ಕ್‌ಗೆ ಸಾಮಾನ್ಯವಾಗಿ ಮಿತಿಯೇ 60.

ಅದೇ ನೆಲದ ಮೇಲೆ ನಿಲ್ಲುವ 24ಯು, 1000 ಮಿ.ಮೀ. ಆಳದ್ದು ತಗೊಂಡರೆ? ಮೈ 4.4 ಚದರ ಮೀಟರ್ ಆಗುತ್ತದೆ. ಫ್ಯಾನ್ ಇಲ್ಲದೆಯೂ ಸುಮಾರು 10 ಡಿಗ್ರಿ ಅಷ್ಟೇ ಏರುತ್ತದೆ. ಹಾಗಾಗಿ ಖಾಲಿ ಜಾಗಕ್ಕೆ ಸುಮ್ನೆ ದುಡ್ಡು ಯಾಕೆ ಅನ್ನಬೇಡಿ. ಇನ್ನೊಂದು, ರ್ಯಾಕ್ ಸರ್ವರ್ ಸಾಮಾನ್ಯವಾಗಿ 700 ಮಿ.ಮೀ. ಆಸುಪಾಸು ಉದ್ದ ಇರುತ್ತದೆ, 600ರ ಡಬ್ಬದಲ್ಲಿ ಹಿಡಿಸುವುದೇ ಇಲ್ಲ. ರ್ಯಾಕ್ ತಂದ ಮೇಲೆ ಟೇಪ್ ಹಿಡಿದವರು ಎಷ್ಟು ಜನ!

ಒಂದು ಮಾತು ಬಿಚ್ಚಿ ಹೇಳಬೇಕು. ಯಾವ ರ್ಯಾಕೂ ಕೋಣೆಗಿಂತ ತಣ್ಣಗಿರುವುದಿಲ್ಲ, ಪೆಟ್ಟಿಗೆಗೇ ಕೂರಿಸುವ ಪ್ಯಾನೆಲ್ ಎಸಿ ಹಾಕಿದರೆ ಬೇರೆ. ಸಾಧಾರಣ ಸರ್ವರ್‌ಗಳು ಒಳಗೆ ಎಳೆದುಕೊಳ್ಳುವ ಗಾಳಿಗೆ ಮಿತಿ 35 ಡಿಗ್ರಿ. 40, 45ರವರೆಗೆ ತಡೆಯುವ ಮಾಡೆಲ್‌ಗಳೂ ಇವೆ, ಕೊಳ್ಳುವಾಗ ಕಾಗದ ನೋಡಿ. ಬರೀ ಲೆಕ್ಕಪತ್ರದ ಸಾಫ್ಟ್‌ವೇರ್ ಓಡಿಸಲು ದೊಡ್ಡ ಸರ್ವರ್ ಬೇಕೇ ಅಂತಲೂ ಯೋಚಿಸಿ. ಫ್ಯಾನ್ ಇಲ್ಲದ ಮಿನಿ ಪಿಸಿ, ಒಂದು ಸ್ವಿಚ್, ಎನ್‌ವಿಆರ್ ಸೇರಿ 70 ವಾಟ್ ದಾಟದಿದ್ದರೆ ಐಪಿ 55 (ಧೂಳು, ನೀರು ತಡೆಯುವ ದರ್ಜೆ) ಅಂತ ಬರೆದಿರುವ ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲೇ ಇಡಬಹುದು. ಆಗ ಫ್ಯಾನೂ ಬೇಡ, ಫಿಲ್ಟರೂ ಬೇಡ. ನನ್ನನ್ನು ಕೇಳಿದರೆ ನಿಮಗೆ ಇದೇ ವಾಸಿ.

ಧೂಳು ಅಂದರೆ ತೀರಾ ಹೆದರುವುದೂ ಬೇಡ. ಇಂಟೆಲ್ ಕಂಪನಿ 2007–08ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸುಮಾರು 900 ಸರ್ವರ್ ಇಟ್ಟು, ಅರ್ಧಕ್ಕೆ ಎಸಿ, ಉಳಿದರ್ಧಕ್ಕೆ ಸಾದಾ ಮನೆಬಳಕೆಯ ಫಿಲ್ಟರ್ ಮೂಲಕ ಹೊರಗಿನ ಗಾಳಿ ಕೊಟ್ಟು ನೋಡಿತು. ಹತ್ತು ತಿಂಗಳಲ್ಲಿ ಸರ್ವರ್‌ಗಳ ಮೇಲೆ ಧೂಳಿನ ಪದರವೇ ಕೂತಿತ್ತು. ಹೊರಗಾಳಿಯಲ್ಲಿ ಕೆಟ್ಟಿದ್ದು ಶೇ. 4.46, ಅವರ ಮಾಮೂಲಿ ಡೇಟಾ ಸೆಂಟರ್‌ನಲ್ಲಿ ಶೇ. 3.83. ಆದರೆ ಅದು ಒಣ ಮರುಭೂಮಿಯ ಮಣ್ಣು. ನಿಮ್ಮದು ಎಳೆ, ಹೀಟ್‌ಸಿಂಕ್‌ಗೆ ಸಿಕ್ಕಿಕೊಳ್ಳುತ್ತದೆ. ಸಂಡೂರು ಕಡೆಯ ಅದಿರಿನ ಧೂಳು ಮಳೆಗಾಲದ ತೇವಕ್ಕೆ ಸೇರಿದರೆ ಬೋರ್ಡನ್ನೇ ಶಾರ್ಟ್ ಮಾಡಬಲ್ಲದು.

ಯುಪಿಎಸ್ ಬ್ಯಾಟರಿಯನ್ನು ರ್ಯಾಕಿನೊಳಗೆ ಇಡಬೇಡಿ. 25 ಡಿಗ್ರಿ ದಾಟಿದ ಮೇಲೆ ಪ್ರತಿ ಹತ್ತು ಡಿಗ್ರಿಗೆ ಅದರ ಆಯಸ್ಸು ಅರ್ಧ ಆಗುತ್ತದೆ. ರ್ಯಾಕನ್ನು ಪಡುವಣ ಗೋಡೆಗೂ ಒರಗಿಸಬೇಡಿ.

ಫಿಲ್ಟರ್ ಎರಡು ಜೊತೆ ಇಟ್ಟುಕೊಳ್ಳಿ, ಒಂದು ತೊಳೆದು ಒಣಗುವಾಗ ಇನ್ನೊಂದು ಹಾಕಲು. ಸೀಸನ್‌ನಲ್ಲಿ ವಾರಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ. ತೊಳೆದ ತಾರೀಕನ್ನು ಮಾರ್ಕರ್‌ನಲ್ಲಿ ಗಾಜಿನ ಒಳಮೈಗೆ ಬರೆದಿಡಿ. ಹೊರಮೈಗೆ ಬರೆದರೆ ಹುಡುಗ ಒರೆಸಿಬಿಡುತ್ತಾನೆ.