ನಿಂತಲ್ಲೇ ತಿನ್ನುವ ಗಾಡಿ

ಅಡಿಕೆಗೆ ಒಳ್ಳೆಯ ದರ ಬಂದ ವರ್ಷ ನನಗೆ ಒಂದು ಬಗೆಯ ಫೋನ್ ಕರೆಗಳು ಹೆಚ್ಚುತ್ತವೆ. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಬೆಳೆಗಾರರು ಎಂಟು ಹತ್ತು ವರ್ಷ ಹಳೆಯದಾದ ಐಷಾರಾಮಿ ಫೋರ್ ವೀಲ್ ಡ್ರೈವ್ ಗಾಡಿಯ ಚಿತ್ರಗಳನ್ನು ವಾಟ್ಸಾಪಿನಲ್ಲಿ ಕಳಿಸಿ, "ಸರ, ಇದು ಮೈಲೇಜ್ ಎಷ್ಟ್ ಕೊಡ್ತತಿ?" ಎಂದು ಕೇಳುತ್ತಾರೆ. ದಾವಣಗೆರೆಯ ಹಳೆಯ ಪಿ.ಬಿ. ರಸ್ತೆಯ ಬದಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡೀಸೆಲ್ ಗಾಡಿಗಳ ಕೆಲಸ ಮಾಡುತ್ತಿರುವ ನನಗೆ ಆ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಆದರೆ ಅದರಿಂದ ಕೇಳಿದವರಿಗೆ ಆಗುವ ಉಪಯೋಗ ಬಹಳ ಕಡಿಮೆ.

ಲೆಕ್ಕ ಮಾಡಿ ನೋಡೋಣ. ಎರಡು ಟನ್ನಿಗೂ ಮೀರಿ ತೂಗುವ, ಮೂರು ಲೀಟರ್ ಡೀಸೆಲ್ ಎಂಜಿನ್ನಿನ ಗಾಡಿ ಲೀಟರಿಗೆ 8 ಕಿ.ಮೀ. ಓಡುತ್ತದೆ ಎಂದೂ ಡೀಸೆಲ್ ದರ ಲೀಟರಿಗೆ 90 ರೂಪಾಯಿ ಎಂದೂ ಹಿಡಿದರೆ, ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ 11,250 ರೂಪಾಯಿ ಬೇಕು. ಲೀಟರಿಗೆ 15 ಕಿ.ಮೀ. ಕೊಡುವ ಸಾಧಾರಣ ಡೀಸೆಲ್ ಕಾರಿಗೆ ಅದೇ ದೂರಕ್ಕೆ 6,000 ರೂಪಾಯಿ ಸಾಕು. ವರ್ಷಕ್ಕೆ ವ್ಯತ್ಯಾಸ 63,000 ರೂಪಾಯಿ. ಇಂಥ ಗಾಡಿ ಕೊಳ್ಳಲು ಹೊರಟವರಿಗೆ ಇದು ಹೊರಲಾರದ ಭಾರವೇನಲ್ಲ. ಅವರು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿರುವ ಖರ್ಚುಗಳು ಬೇರೆ ಇವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಗಾಡಿ ಓಡುವಾಗ ಹುಟ್ಟುವುದಿಲ್ಲ, ನಿಂತಾಗ ಹುಟ್ಟುತ್ತವೆ.

ಮೊದಲು, ಇಂಥ ಹಳೆಯ ಐಷಾರಾಮಿ ಗಾಡಿ ಕಡಿಮೆ ಬೆಲೆಗೆ ಏಕೆ ಸಿಗುತ್ತದೆ ಎಂಬುದನ್ನು ತಿಳಿಯಬೇಕು. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಿಸಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಆ ವಿಷಯ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತಾದರೂ, ಅಷ್ಟರೊಳಗೆ ಅಲ್ಲಿನ ದೊಡ್ಡ ಡೀಸೆಲ್ ಗಾಡಿಗಳು ಅಗ್ಗದ ದರಕ್ಕೆ ದಕ್ಷಿಣದ ಹಾದಿ ಹಿಡಿದಿದ್ದವು. ಕರ್ನಾಟಕದಲ್ಲಿ ನೋಂದಣಿ 15 ವರ್ಷ ನಡೆಯುವುದರಿಂದ ಇನ್ನೂ ಐದು ವರ್ಷ ಬಾಳುವ ಗಾಡಿ ಸಿಕ್ಕಿತೆಂದು ನಮ್ಮವರು ಸಂತೋಷಪಡುತ್ತಾರೆ. ಆದರೆ ಅಲ್ಲಿನ ಆರ್‌ಟಿಒ ಕಚೇರಿಯ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಕೆಎ 17 ಅಥವಾ ಕೆಎ 16 ನಂಬರು ಪಡೆಯುವಾಗ ಜೀವಿತಾವಧಿ ತೆರಿಗೆ ಕಟ್ಟಬೇಕಾಗುತ್ತದೆ. 20 ಲಕ್ಷ ರೂಪಾಯಿ ಮೀರಿದ ಕಾರುಗಳಿಗೆ ಈ ತೆರಿಗೆಯ ದರ ಶೇಕಡಾ 18. ಹಳೆಯ ಗಾಡಿಗೆ ವಯಸ್ಸಿಗೆ ತಕ್ಕ ಕಡಿತ ಸಿಗುತ್ತದೆ ನಿಜ, ಆದರೆ ಲೆಕ್ಕ ಶುರುವಾಗುವುದು ಗಾಡಿ ಹೊಸದಿದ್ದಾಗಿನ ಬೆಲೆಯಿಂದ. 80 ಲಕ್ಷದ ಗಾಡಿಯನ್ನು ನೀವು 12 ಲಕ್ಷಕ್ಕೆ ಕೊಂಡಿರಬಹುದು. ಕಡಿತಕ್ಕೆ ಮುಂಚಿನ ತೆರಿಗೆಯೇ 14 ಲಕ್ಷ 40 ಸಾವಿರ ರೂಪಾಯಿ. ಹದಿನೈದು ತುಂಬಿದ ಮೇಲೆ ನೋಂದಣಿ ನವೀಕರಿಸುವುದಕ್ಕೂ ಒಂದು ಭೇದವಿದೆ: 2022ರ ಏಪ್ರಿಲ್‌ನಿಂದ ಸಾಮಾನ್ಯ ಕಾರಿಗೆ 5,000 ರೂಪಾಯಿ ಶುಲ್ಕವಾದರೆ ಆಮದಾದ ಕಾರಿಗೆ 40,000 ರೂಪಾಯಿ.

ಬಿಡಿಭಾಗಗಳ ವಿಷಯವೂ ಹೀಗೆಯೇ. ಗಾಡಿಯ ಬೆಲೆ ಆರರಲ್ಲೊಂದು ಭಾಗಕ್ಕೆ ಇಳಿದಿದ್ದರೂ ಅದರೊಳಗಿನ ಸಾಮಾನಿನ ಬೆಲೆ ವರ್ಷ ವರ್ಷ ಏರಿಯೇ ಇರುತ್ತದೆ.

ನನ್ನ ಬಿಲ್ ಪುಸ್ತಕದಲ್ಲಿ ಎರಡು ಗಾಡಿಗಳಿವೆ. ಒಂದೇ ಮಾದರಿ, ಹೆಚ್ಚುಕಡಿಮೆ ಒಂದೇ ವಯಸ್ಸು. ಮೊದಲನೆಯದು ನಮ್ಮ ಊರಿನ ವ್ಯಾಪಾರಿಯೊಬ್ಬರದು, ವಾರಕ್ಕೊಮ್ಮೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಬರುತ್ತದೆ. ಇನ್ನೊಂದು ತೋಟದ ಮನೆಯದು, ಮನೆಯಿಂದ ತೋಟಕ್ಕೆ ನಾಲ್ಕು ಕಿಲೋಮೀಟರ್, ತೋಟದಿಂದ ಮನೆಗೆ ನಾಲ್ಕು, ಉಳಿದಂತೆ ಮದುವೆ, ಜಾತ್ರೆ. ಮೂರು ವರ್ಷಗಳಲ್ಲಿ ಎರಡನೆಯದರ ಬಿಲ್ಲು ಮೊದಲನೆಯದಕ್ಕಿಂತ ಹೆಚ್ಚಾಯಿತು. ಮಾಲೀಕರು ನಂಬಲಿಲ್ಲ, ಪುಸ್ತಕ ತೆರೆದು ತೋರಿಸಬೇಕಾಯಿತು.

ಇದಕ್ಕೆ ಮುಖ್ಯ ಕಾರಣ ಏರ್ ಸಸ್ಪೆನ್ಷನ್. ಈ ದರ್ಜೆಯ ಅನೇಕ ಗಾಡಿಗಳಲ್ಲಿ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರಿನ ಚೀಲಗಳಿರುತ್ತವೆ. ಅವುಗಳಿಗೆ ಗಾಳಿ ಒದಗಿಸಲು ಒಂದು ಕಂಪ್ರೆಸರ್, ಯಾವ ಚಕ್ರಕ್ಕೆ ಎಷ್ಟು ಗಾಳಿ ಎಂದು ಹಂಚಲು ಒಂದು ವಾಲ್ವ್ ಬ್ಲಾಕ್, ಎತ್ತರ ಅಳೆಯಲು ಸೆನ್ಸರ್‌ಗಳು ಇರುತ್ತವೆ. ರಬ್ಬರು ಬಿಸಿಲಿಗೂ ವಯಸ್ಸಿಗೂ ಮಡಿಕೆಯ ಜಾಗದಲ್ಲಿ ಬಿರಿಯುತ್ತದೆ, ಅದಕ್ಕೆ ಕಿಲೋಮೀಟರಿನ ಹಂಗಿಲ್ಲ. ಬಿರುಕು ಸಣ್ಣದಿರುವಾಗ ಓಡುವ ಗಾಡಿಯಲ್ಲಿ ಏನೂ ತಿಳಿಯುವುದಿಲ್ಲ. ಮೂರು ದಿನ ನಿಂತ ಗಾಡಿ ಮಾತ್ರ ಒಂದು ಮೂಲೆಗೆ ಕುಸಿದಿರುತ್ತದೆ. ಕೀಲಿ ತಿರುಗಿಸಿದೊಡನೆ ಕಂಪ್ರೆಸರ್ ಅದನ್ನು ಮತ್ತೆ ಎತ್ತಿ ನಿಲ್ಲಿಸುವುದರಿಂದ ಮಾಲೀಕರಿಗೆ ಸಮಾಧಾನವಾಗುತ್ತದೆ. ಆದರೆ ಆ ಕಂಪ್ರೆಸರ್ ಆಗೊಮ್ಮೆ ಈಗೊಮ್ಮೆ ಕೆಲವು ಸೆಕೆಂಡು ಓಡುವುದಕ್ಕೆಂದು ಮಾಡಿದ್ದು. ಅದನ್ನು ದಿನವೂ ನಿಮಿಷಗಟ್ಟಲೆ ಓಡಿಸಿದರೆ ಕಾದು ಸುಡುತ್ತದೆ, ಗಾಳಿಯ ತೇವ ಹೀರುವ ಅದರ ಒಣಪುಡಿ ಕೆಲಸ ನಿಲ್ಲಿಸುತ್ತದೆ, ತೇವ ವಾಲ್ವ್ ಬ್ಲಾಕಿಗೆ ಇಳಿಯುತ್ತದೆ. ಒಂದು ಚೀಲದ ಕೆಲಸ ಹೀಗೆ ಮೂರು ಸಾಮಾನಿನ ಕೆಲಸವಾಗುತ್ತದೆ. ಒಂದು ಮೂಲೆಯ ಅಸಲಿ ಏರ್ ಸ್ಟ್ರಟ್ಟಿಗೆ, ಅಂದರೆ ಗಾಳಿಚೀಲ ಕೂಡಿದ ಶಾಕ್ ಅಬ್ಸಾರ್ಬರಿಗೆ, ನನ್ನ ಗ್ರಾಹಕರು ಲಕ್ಷ ರೂಪಾಯಿಗೂ ಮೇಲೆ ಕೊಟ್ಟಿದ್ದಾರೆ, ದುರಸ್ತಿ ಮಾಡಿದ ಹಳೆಯದಕ್ಕೆ 35,000 ರೂಪಾಯಿಯ ಆಸುಪಾಸು. ಮೇಲೆ ಹೇಳಿದ ಒಂದು ವರ್ಷದ ಡೀಸೆಲ್ ವ್ಯತ್ಯಾಸ ಇಲ್ಲಿ ಒಂದೇ ಬೆಳಗ್ಗೆಗೆ ಕರಗಿ ಹೋಗುತ್ತದೆ.

ಎರಡನೆಯ ಕಾರಣ ಹೊಗೆಕೊಳವೆಯಲ್ಲಿರುವ ಮಸಿ ಸೋಸುವ ಫಿಲ್ಟರ್, ಅಂದರೆ ಡಿಪಿಎಫ್. ತನ್ನಲ್ಲಿ ಕೂಡಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳಬೇಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಹೆದ್ದಾರಿಯಲ್ಲಿ ಕಾಲು ಗಂಟೆಯಷ್ಟು ಒಂದೇ ಸಮನೆ ಓಡಬೇಕು. ನಾಲ್ಕು ಕಿಲೋಮೀಟರಿನ ತೋಟದ ದಾರಿಯಲ್ಲಿ ಎಂಜಿನ್ನು ಬಿಸಿಯಾಗುವುದರೊಳಗೆ ತೋಟ ಬಂದಿರುತ್ತದೆ. ಸುಡುವ ಕೆಲಸ ಅರ್ಧಕ್ಕೇ ನಿಂತಾಗ ಅದಕ್ಕಾಗಿ ಹೆಚ್ಚಾಗಿ ಸಿಂಪಡಿಸಿದ ಡೀಸೆಲ್ ಎಂಜಿನ್ ಆಯಿಲಿನೊಳಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಆಯಿಲ್ ಮಟ್ಟ ಏರಿರುವುದನ್ನು ಕಂಡು, "ಗಾಡಿ ಆಯಿಲ್ ಕುಡೀತಾ ಇಲ್ಲ, ಕಂಡೀಷನ್ ಚೆನ್ನಾಗೈತಿ" ಎಂದು ಹೆಮ್ಮೆಪಟ್ಟವರನ್ನು ನಾನು ಬಲ್ಲೆ. ಫಿಲ್ಟರನ್ನೇ ಕೊರೆದು ಖಾಲಿ ಮಾಡಿಕೊಡುವವರೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ, ನನ್ನಲ್ಲಿ ಆ ಕೆಲಸ ಮಾಡುವುದಿಲ್ಲ.

ಬ್ಯಾಟರಿಯ ಕತೆ ಚಿಕ್ಕದು. ಲಾಕ್ ಮಾಡಿ ನಿಲ್ಲಿಸಿದ ಮೇಲೂ ಈ ಗಾಡಿಗಳ ಹತ್ತಾರು ಕಂಪ್ಯೂಟರುಗಳು ಸ್ವಲ್ಪ ಸ್ವಲ್ಪ ಕರೆಂಟು ಎಳೆಯುತ್ತಲೇ ಇರುತ್ತವೆ. ಬ್ಯಾಟರಿ ಸೊರಗಿದಾಗ ಬರುವ ತಪ್ಪು ಸಂಕೇತಗಳನ್ನು ನಂಬಿ, ಚೆನ್ನಾಗಿಯೇ ಇದ್ದ ಸೆನ್ಸರ್‌ಗಳನ್ನು ಬದಲಾಯಿಸಿಕೊಂಡು ಬಂದ ಗಾಡಿಗಳನ್ನು ಕಂಡಿದ್ದೇನೆ. ಹೊಸ ಬ್ಯಾಟರಿ ಕೂರಿಸಿದ ಮೇಲೆ ಅನೇಕ ಮಾದರಿಗಳಲ್ಲಿ ಅದನ್ನು ಸ್ಕ್ಯಾನರ್ ಮೂಲಕ ಗಾಡಿಗೆ ತಿಳಿಸಬೇಕು, ಇಲ್ಲವಾದರೆ ಚಾರ್ಜಿಂಗ್ ಸರಿಯಾಗುವುದಿಲ್ಲ. ಇನ್ನು ಇಲಿ. ಅಡಿಕೆ, ಮೆಕ್ಕೆಜೋಳ ಕೂಡಿಟ್ಟ ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಯ ವೈರಿಂಗು ಅದರ ಪಾಲಿಗೆ ಮತ್ತೊಂದು ಬೆಳೆ. ಕಡಿದ ವೈರು ಹುಡುಕಲು ನನ್ನ ಹುಡುಗರು ಒಮ್ಮೆ ಪೂರ್ತಿ ಎರಡು ದಿನ ತೆಗೆದುಕೊಂಡರು. ಬಿಲ್ಲಿನಲ್ಲಿ ಸಾಮಾನಿಗಿಂತ ಕೂಲಿಯೇ ಹೆಚ್ಚಾಗಿತ್ತು.

ಟೈರು ಸಹ ವಯಸ್ಸಿನ ಲೆಕ್ಕದ ವಸ್ತು. ಬದಿಯಲ್ಲಿರುವ ನಾಲ್ಕು ಅಂಕಿಗಳಲ್ಲಿ 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹೂವು, ಅಂದರೆ ಟೈರಿನ ಮೇಲಿನ ಗೆರೆಗಳು, ಹಾಗೇ ಉಳಿದಿದ್ದರೂ ಆ ರಬ್ಬರು ಗಟ್ಟಿಯಾಗಿರುತ್ತದೆ. ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹಂಚುವ ಗಾಡಿಯಲ್ಲಿ ಎರಡು ಹೊಸತು, ಎರಡು ಹಳತು ಹಾಕುವ ನಮ್ಮ ರೂಢಿ ನಡೆಯುವುದಿಲ್ಲ. ಸುತ್ತಳತೆಯ ಸಣ್ಣ ವ್ಯತ್ಯಾಸವನ್ನೂ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಗಲಿರುಳು ಸರಿದೂಗಿಸುತ್ತ ಸವೆಯುತ್ತದೆ. ಆದ್ದರಿಂದ ಕೊಳ್ಳುವುದಾದರೆ ನಾಲ್ಕನ್ನೂ ಒಟ್ಟಿಗೆ ಕೊಳ್ಳಬೇಕು, ಒಂದೊಂದಕ್ಕೆ 20ರಿಂದ 30 ಸಾವಿರ ರೂಪಾಯಿ ಎತ್ತಿಡಬೇಕು. ಗೇರ್‌ಬಾಕ್ಸ್ ಆಯಿಲ್ ಜೀವಮಾನವಿಡೀ ಬದಲಾಯಿಸಬೇಕಿಲ್ಲ ಎಂಬ ಮಾತನ್ನೂ ನಂಬಬಾರದು. ಅನೇಕ ಜರ್ಮನ್ ಮತ್ತು ಬ್ರಿಟಿಷ್ ಗಾಡಿಗಳಿಗೆ ಗೇರ್‌ಬಾಕ್ಸ್ ಒದಗಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಅಥವಾ ಎಂಟು ವರ್ಷದೊಳಗೆ ಬದಲಾಯಿಸಲು ಹೇಳುತ್ತದೆ.

ಇಲ್ಲಿ ಆಗದ ಕೆಲಸಕ್ಕೆ ಗಾಡಿಯನ್ನು ಬೆಂಗಳೂರಿಗೆ ಒಯ್ಯಬೇಕು, ನಮ್ಮ ಊರಿನಿಂದ ಅದು ಸುಮಾರು 260 ಕಿ.ಮೀ. ದಾರಿಯಲ್ಲಿ ನಿಂತ ಗಾಡಿಯನ್ನು ಫ್ಲ್ಯಾಟ್‌ಬೆಡ್ ಲಾರಿಯ ಮೇಲೆ ಅಲ್ಲಿಗೆ ಸಾಗಿಸುವ ಬಾಡಿಗೆ, ಅಲ್ಲಿ ಸರದಿ ಕಾಯುವ ವಾರಗಳು, ನೋಡಲು ಹೋಗಿ ಬರುವ ಓಡಾಟ, ಅಷ್ಟು ದಿನ ಮನೆಗೆ ಬೇಕಾಗುವ ಇನ್ನೊಂದು ಗಾಡಿ, ಇವೆಲ್ಲ ದಾವಣಗೆರೆಯವರ ಖರ್ಚು, ಬೆಂಗಳೂರಿನವರದಲ್ಲ. ವಿಮೆಯಿಂದ ಹೆಚ್ಚು ನಿರೀಕ್ಷಿಸಬೇಡಿ. 1,500 ಸಿಸಿ ಮೀರಿದ ಖಾಸಗಿ ಕಾರಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಕಂತು 7,897 ರೂಪಾಯಿ, ಅದು ದೊಡ್ಡದಲ್ಲ. ಅಪಘಾತವಾದಾಗ ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿ, ಏರ್‌ಬ್ಯಾಗುಗಳಿಗೆ ಅರ್ಧ ಬೆಲೆಯನ್ನೂ, ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೆ ಮತ್ತೆ ಅರ್ಧವನ್ನೂ ಮಾಲೀಕರೇ ಭರಿಸಬೇಕು ಎಂಬುದು ನೋವು ಕೊಡುವ ನಿಯಮ. ಸವೆತಕ್ಕೆ, ಏರ್ ಸಸ್ಪೆನ್ಷನ್ ಕುಸಿತಕ್ಕೆ ವಿಮೆ ಸಿಗುವುದೇ ಇಲ್ಲ.

ಇಷ್ಟಾದರೂ ಕೊಳ್ಳಬೇಕೆನ್ನುವವರನ್ನು ನಾನು ತಡೆಯುವುದಿಲ್ಲ. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಓಡುವ ಕೆಲಸವಿದ್ದವರಿಗೆ, ಗಾಡಿಯ ಬೆಲೆಯ ಕಾಲು ಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆ ಇಡಬಲ್ಲವರಿಗೆ ಇದು ಸುಖ ಕೊಡುವ ವಾಹನ. ಒಂದು ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಮಾತುಕತೆ ಮುಗಿದ ದಿನ ಸಂಜೆ ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದು ಅಳೆದು ಬರೆದುಕೊಳ್ಳಿ. ಕೀಲಿಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಂಡು ಬೆಳಿಗ್ಗೆ, ಯಾರೂ ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ, ಇನ್ನೊಮ್ಮೆ ಅಳೆಯಿರಿ. ಯಾವುದಾದರೂ ಒಂದು ಮೂಲೆ ಎರಡು ಸೆಂಟಿಮೀಟರ್ ಇಳಿದಿದ್ದರೆ ಅಡ್ವಾನ್ಸ್ ಕೊಡುವ ಮುನ್ನ ನನಗೊಂದು ಫೋನ್ ಮಾಡಿ.